ಕುರಿ ತುಳಿದ ಕಾಲುವೆ

ಕುಂಡಕ್ಕೆ ಹಾಕಿದ ನೀರು ಗಿಡ ಕುಡಿಯುವ ಮೊದಲೇ ತಳದ ತೂತಿನಿಂದ ಇಳಿದು ಗೇಟಿನತ್ತ ಹರಿಯುತ್ತದೆ. ಅದನ್ನು ನೆಕ್ಕಲು ಬೀದಿನಾಯಿಯೊಂದು ದಿನವೂ ಬರುತ್ತದೆ, ನಾನು ದಿನವೂ ಕೋಲು ಹಿಡಿಯುತ್ತೇನೆ. ಒಂದು ಮೆಣಸಿನಗಿಡ ಬದುಕಿಸಲಾರದವನ ಪೌರುಷ ಇಷ್ಟೇ. ಇವತ್ತು ಆ ಒದ್ದೆ ಮಣ್ಣಿನ ವಾಸನೆಗೆ ದೊಡ್ಡಮ್ಮ ನೆನಪಾದಳು.

ಎಪ್ಪತ್ತರ ದಶಕದ ಮಾತು. ಕಾಲೇಜು ಓದುತ್ತಾ ನಾನು ಅವಳ ಮನೆಯಲ್ಲಿದ್ದೆ. ಜೋಗಿಮಟ್ಟಿ ಗುಡ್ಡದ ಇಳಿಜಾರಿನಲ್ಲಿ ಅವಳ ಹೊಲ. ಮೇಲೆ ಕಲ್ಲುಸಂದಿಯಲ್ಲಿ ಬೇಸಿಗೆಗೂ ಬತ್ತದ ಒರತೆ. ಪಂಪು ಬೇಡ, ಕರೆಂಟು ಬೇಡ, ದಾರಿ ಮಾಡಿಕೊಟ್ಟರೆ ನೀರು ತಾನೇ ಇಳಿದು ಬರುತ್ತದೆ ಎಂದು ಗುಡ್ಡದ ಮೈಗುಂಟ ಕಾಲುವೆ ತೋಡಿಸಿದ್ದಳು. ದೊಡ್ಡಪ್ಪ ತೀರಿಕೊಂಡ ಮೇಲೆ ಅವಳೊಬ್ಬಳೇ ನಿಂತು ಹಾಕಿಸಿದ ಮೊದಲ ಮೆಣಸಿನ ಬೆಳೆ ಅದು. ಕೈಗೆ ಬರದಿದ್ದರೆ ಹೊಲ ಮೈದುನನ ಸಾಗುವಳಿಗೆ ಎಂದು ಮನೆಯಲ್ಲಿ ಮಾತಾಗಿತ್ತು.

ಆದರೆ ಆ ಗರಸು ನೆಲ ನೀರನ್ನು ನಡುದಾರಿಯಲ್ಲೇ ನುಂಗುತ್ತಿತ್ತು. ಕೆರೆಯ ಜೇಡಿಮಣ್ಣು ಹೊತ್ತು ತಂದು ಕಾಲುವೆಯ ತಳಕ್ಕೆ ಬಳಿದಳು. ಅದೂ ಬಿರುಕು ಬಿಟ್ಟಿತು. ಇದರ ಮೇಲೆ ಕುರಿಗಳ ಕಾಟ. ಕುರಿ ಕಾಯುವ ಕರಿಯಣ್ಣನ ಮಂದೆ ಬಾಯಾರಿ ಕಾಲುವೆಗೆ ನುಗ್ಗದಿರಲೆಂದು ಉದ್ದಕ್ಕೂ ಜಾಲಿಮುಳ್ಳು ಹಾಕಿಸಿದ್ದಳು. ಸುಗ್ಗಿ ಮುಗಿದ ಮೇಲೆ, ಹೊಲದಲ್ಲಿ ಮಂದೆ ನಿಲ್ಲಿಸಿದರೆ ಗೊಬ್ಬರವಾಗುತ್ತದೆಂದು ಅದೇ ಕರಿಯಣ್ಣನನ್ನು ಕರೆದು ಊಟ ಹಾಕುತ್ತಿದ್ದವಳೂ ಅವಳೇ. ಬೇಸಿಗೆ ನಮ್ಮನ್ನು ಹೀಗೆ ಮಾಡುತ್ತದೆ ನೋಡಿ.

ಒಂದು ಮಧ್ಯಾಹ್ನ ನೀರು ಬಿಟ್ಟ ಹೊತ್ತಿಗೇ ಮಂದೆ ಮುಳ್ಳು ಲೆಕ್ಕಿಸದೆ ನುಗ್ಗಿತು. ಒಂದಷ್ಟು ದೂರ ಜೇಡಿಯೆಲ್ಲ ರಾಡಿ. ದೊಡ್ಡಮ್ಮ ಬಾಯಿಗೆ ಬಂದಂತೆ ಬೈದಳು. ಕರಿಯಣ್ಣ ಮಂದೆ ಹೊಡೆದುಕೊಂಡು ಹೋದ. ಮರುದಿನ ನೋಡಿದರೆ, ಕುರಿಗಳ ಗೊರಸು ತುಳಿದು ಹದ ಮಾಡಿದಷ್ಟು ದೂರ ನೀರು ಇಂಗದೆ ಹರಿಯುತ್ತಿದೆ. ತುಳಿಯದ ಜಾಗಕ್ಕೆ ಬಂದೊಡನೆ ಮಾಯ.

ಅವಳು ಕೂತು ತುಳಿದ ಜೇಡಿಯನ್ನು ಬೆರಳಿನಿಂದ ಒತ್ತಿ ನೋಡಿದಳು. ಆಮೇಲೆ ತಾನೇ ಮುಳ್ಳು ಎಳೆದು ಹಾಕಿ ಅವನ ಹಟ್ಟಿಗೆ ಹೊರಟಳು. ಬೈದ ಬಾಯಲ್ಲೇ ಕರೆಯುವುದು ಸುಲಭವಲ್ಲ. ಜೊತೆಗೆ ಹೋದ ನನಗೇ ಮುಖ ಎತ್ತಲಾಗಲಿಲ್ಲ.

"ಮಂದೆ ಹೊಡ್ಕಂಡ್ ಬಾರಪ್ಪ ಕರಿಯಣ್ಣ. ಕಾಲುವೆ ತುಂಬ ತುಳೀಲಿ," ಎಂದಳು.

"ಅವು ನೀರು ಕುಡಿದ್ರೆ ಮತ್ತೆ ಬೈತೀಯೇನಕ್ಕ?"

"ಮೊದ್ಲು ಅವು ಕುಡೀಲಿ. ಉಳಿದದ್ದು ಗಿಡಕ್ಕೆ."

ಉಳಿದದ್ದೇ ಸಾಕಾಯಿತು. ಮೆಣಸಿನಕಾಯಿ ಕೆಂಪಾಯಿತು, ಹೊಲ ಅವಳ ಕೈಯಲ್ಲೇ ಉಳಿಯಿತು. ಆಮೇಲೆ ಪ್ರತಿ ಬೇಸಿಗೆಯೂ ಕಾಲುವೆಯಲ್ಲಿ ಮೊದಲ ಸರದಿ ಕುರಿಗಳದ್ದೇ.

ಈಗ ಗೇಟಿನ ಬಳಿ ನಾಯಿ ಬಂದು ನಿಂತಿದೆ. ಅದರ ಕಣ್ಣು ನೀರಿನ ಮೇಲಿಲ್ಲ, ನನ್ನ ಕೋಲಿನ ಮೇಲಿದೆ. ಕೋಲನ್ನು ಒಳಗಿಟ್ಟು ಬಂದು, ಕುಂಡಕ್ಕೆ ಹೊಯ್ಯುವ ಮೊದಲು ಒಂದು ತಟ್ಟೆ ನೀರು ಅದರ ಮುಂದಿಟ್ಟೆ.