ಅಕ್ಕನ ಕಂದು ಫೋಟೋ

ಮೊಮ್ಮಗಳು ನೂಡಲ್ಸ್‌ಗೆ ವಿನೆಗರ್ ಸುರಿದ್ಲು. ಆ ಹುಳಿ ವಾಸನೆಗೆ ನಾನು ನೇರ ಅಪ್ಪನ ಡಾರ್ಕ್‌ರೂಮಿಗೆ ಹೋಗಿಬಿಟ್ಟೆ. ಹೊಸೂರಲ್ಲಿ ಅಪ್ಪಂದು ಸಣ್ಣ ಸ್ಟುಡಿಯೋ. ಫೋಟೋ ತೊಳೆಯೋ ತಟ್ಟೆಯಿಂದ ಇದೇ ವಾಸನೆ ಬರೋದು.

ಅಪ್ಪನ ಹತ್ರ ಎರಡು ಥರದ ಕಾಗದ ಇತ್ತು. ಒಂದರಲ್ಲಿ ಮುಖ ಸುಣ್ಣದ ಗೋಡೆ ಥರ ತಣ್ಣಗೆ, ಬೆಳ್ಳಗೆ ಬರೋದು. ಇನ್ನೊಂದರಲ್ಲಿ ಕಪ್ಪೆಲ್ಲ ಕಂದಾಗಿ ಮುಖ ಬೆಚ್ಚಗೆ ಕಾಣೋದು. ಅದನ್ನ ಬೆಂಗಳೂರಿಂದ ತರಿಸ್ಬೇಕಿತ್ತು.

ಗಂಡಿನ ಕಡೆಗೆ ಕಳಿಸೋಕೆ ಅಕ್ಕನ ಫೋಟೋ ತೆಗೆದಾಗ, ಅಪ್ಪ ಎರಡರಲ್ಲೂ ಒಂದೊಂದು ಚೂರು ಪ್ರಿಂಟ್ ಹಾಕಿ, ಜಗಲಿ ಬೆಳಕಲ್ಲಿ ಅವಳ ಕೆನ್ನೆ ಪಕ್ಕ ಹಿಡಿದು ನೋಡಿ, ಬೆಚ್ಚನೆಯದನ್ನೇ ಆರಿಸಿದ್ರು. ನನ್ನ ಫೋಟೋಗೂ ಅದೇ ಕಾಗದ ಬೇಕು ಅಂದೆ.

"ನಿಂಗ್ಯಾಕಮ್ಮಿ? ಇಸ್ಕೂಲ್ ಫೋಟೋಗೆ ಇದೇ ಸಾಕು" ಅಂತ, ನನ್ನ ಮುಖ ಕೂಡ ನೋಡದೆ ಬಿಳಿ ಕಾಗದದ ಡಬ್ಬಿಗೆ ಕೈ ಹಾಕಿದ್ರು. ಹೊಟ್ಟೆ ಉರಿದುಹೋಯ್ತು.

ವಾರಕ್ಕೆ ಬೇರಿಕೆ ಊರಿಂದ ಗಂಡಿನ ಸೋದರಮಾವ ಫೋಟೋ ವಾಪಸ್ ತಂದ್ರು. "ಹಳೇ ಫೋಟೋ ಕಳಿಸಿದ್ದೀರಿ, ಬಣ್ಣ ತಿರುಗ್ಬುಟ್ಟದೆ. ಹೆಣ್ಣಿಗೆ ನಿಜವಾದ ವಯಸ್ಸೆಷ್ಟು ಹೇಳ್ಬುಡಿ" ಅಂದ್ರು. ಅಕ್ಕ ಒಳಗೆ ಅತ್ಲು. ನಾನು ಹಿತ್ತಲಲ್ಲಿ ಲಂಗ ಬಾಯಿಗೆ ಅಡ್ಡ ಹಿಡಿದು ನಕ್ಕೆ.

ಅಪ್ಪ ಅದೇ ಫೋಟೋನ ಬಿಳಿ ಕಾಗದದಲ್ಲಿ ಹಾಕಿ ಕಳಿಸಿದ್ರು, ಸಂಬಂಧ ಕೂಡಿತು. ಕಂದು ಫೋಟೋಗೆ ಮಾತ್ರ ಫ್ರೇಮ್ ಹಾಕಿಸಿ ಗೋಡೆಗೆ ಹಾಕ್ಕೊಂಡ್ರು. ನಂದು ಯಾವ ಗೋಡೆಗೂ ಬರಲಿಲ್ಲ.

ಈಗ ಆ ಫ್ರೇಮ್ ನಮ್ಮನೇಲಿದೆ. ಮೊನ್ನೆ ಅಕ್ಕ ಬಂದವಳು, "ನನ್ ಮಖದ್ ಮ್ಯಾಲೆ ಕ್ಯಾಲೆಂಡರ್ ಯಾಕ್ ಹಾಕಿದ್ದೀಯೇ?" ಅಂದ್ಲು.

"ಬೇರೆ ಮೊಳೆ ಇಲ್ಲ ಕಣಕ್ಕ" ಅಂದೆ.

ಎದುರು ಗೋಡೆಯಲ್ಲಿ ನಾಲ್ಕು ಮೊಳೆ ಖಾಲಿ ಇದ್ವು.