ಸೊನೆ ಸುಟ್ಟ ಕೆನ್ನೆ

ನನ್ನ ಎಡಗೆನ್ನೆಯ ಮೇಲೆ ಐದು ಕಪ್ಪು ಕಲೆಗಳಿವೆ. ನೋಡಿದವರೆಲ್ಲ, ಚಿಕ್ಕಂದಿನಲ್ಲಿ ಅಮ್ಮ ಎದ್ದಿತ್ತಾ, ಸೀತಾಳೆ ಸಿಡುಬಿನ ಕಲೆಯಾ ಎಂದು ಕೇಳುತ್ತಾರೆ. ಹೌದು ಎಂದುಬಿಡುತ್ತೇನೆ. ನನ್ನನ್ನು ನೋಡಲು ಬಂದಿದ್ದ ಕುಣಿಗಲ್ಲಿನ ಹೆಂಗಸರಿಗೂ ಹಾಗೇ ಹೇಳಿದ್ದೆ. ನಿಜ ಹೇಳಿದ್ದರೆ, ಇವಳ ತಾಯಿ ಎಂಥವಳಪ್ಪಾ ಎನ್ನುತ್ತಿದ್ದರು. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ.

ಅಬ್ಬಾ ಮಾವಿನ ವ್ಯಾಪಾರಿ. ಮನೆ ಇದ್ದದ್ದು ತುಮಕೂರಿನಲ್ಲಾದರೂ ತೊಂಬತ್ತರ ದಶಕದ ನನ್ನ ಬೇಸಿಗೆ ರಜೆಗಳೆಲ್ಲ ಕಳೆದದ್ದು ಊರಾಚೆಯ ತೋಪುಗಳಲ್ಲಿ. ಹೂ ಬಿಟ್ಟಾಗಲೇ ಮರಗಳನ್ನು ಗುತ್ತಿಗೆ ಹಿಡಿದು, ಕಾಯಿ ಬಲಿಯುವ ಹೊತ್ತಿಗೆ ಅಲ್ಲೇ ತೆಂಗಿನ ಗರಿಯ ಗುಡಿಸಲು ಹಾಕಿ ನಮ್ಮನ್ನೂ ಕರೆದೊಯ್ಯುತ್ತಿದ್ದರು. ನಾನು ಡಬ್ಬ ಬಡಿದು ಕೋತಿ ಓಡಿಸುತ್ತಿದ್ದೆ, ಅಮ್ಮಿ ಕಾಯಿ ವಿಂಗಡಿಸುತ್ತಿದ್ದಳು. ಈಗ ತಾನೇ ಕಿತ್ತ ಕಾಯಿಯನ್ನು ಮಾತ್ರ ಅವಳು ನನಗೆ ಮುಟ್ಟಲು ಬಿಡುತ್ತಿರಲಿಲ್ಲ. ತೊಟ್ಟು ಮುರಿದಾಗ ಚಿಮ್ಮುವ ಹಾಲಿನಂಥ ಸೊನೆ ಚರ್ಮಕ್ಕೆ ತಾಗಿದರೆ ಸುಡುತ್ತದೆ, ಮಾರನೆಯ ದಿನ ಗುಳ್ಳೆ ಏಳುತ್ತದೆ. ಕಾಯಿ ಕೀಳುವ ಆಳುಗಳ ಮುಂಗೈಯೆಲ್ಲ ಅದರದೇ ಕಲೆ.

ನನಗೆ ಹನ್ನೆರಡು ತುಂಬಿದ ವರ್ಷ ನಾವು ಗುಬ್ಬಿಯ ಆಚೆಯ ಒಂದು ತೋಪಿನಲ್ಲಿದ್ದೆವು. ಹತ್ತಿರದ ಊರಿಗೆ ಮೂರು ಮೈಲಿ. ಅಬ್ಬಾ ಆಳುಗಳನ್ನು ಕರೆದುಕೊಂಡು ಮೊದಲ ಲೋಡನ್ನು ತುಮಕೂರಿನ ಮಂಡಿಗೆ ಒಯ್ದರು. ಅವರು ಹೋದ ಮಧ್ಯಾಹ್ನವೇ ಒಂದು ಬೈಕಿನಲ್ಲಿ ಮೂವರು ಬಂದರು. ಬೈಕ್ ಓಡಿಸುತ್ತಿದ್ದವನು ಆ ಊರಿನ ದೊಡ್ಡ ಮನೆಯ ಮಗ. ಕಾಯಿ ಕೇಳಿದರು, ಅಮ್ಮಿ ಒಂದು ಬುಟ್ಟಿ ಕೊಟ್ಟಳು. ನೀರು ಕೇಳಿದರು, ಅದನ್ನೂ ಕೊಟ್ಟಳು. ಚೊಂಬು ಹಿಂದಿರುಗಿಸುವಾಗ ಅವನು ಗುಡಿಸಲೊಳಗೆ ಇಣುಕಿ ನನ್ನನ್ನು ನೋಡಿದ.

"ನಿನ್ ಮಗ್ಳಾ? ಚೆನ್ನಾಗ್ ಬೆಳ್ದವ್ಳೆ. ಸಾಬ್ರು ಇನ್ನೂ ಎರಡ್ ದಿನ ಬರಾಕಿಲ್ವಂತೆ? ನಾಳೆ ಬತ್ತೀವಿ, ಅವ್ಳ್ ಕೈಲೇ ನೀರ್ ಕೊಡ್ಸು."

ಉಳಿದಿಬ್ಬರು ನಕ್ಕರು. ನನಗೆ ಏನೂ ಅರ್ಥವಾಗಲಿಲ್ಲ.

ಓಡಿಹೋಗಬಹುದಿತ್ತಲ್ಲ ಎಂದು ಈಗ ಹೇಳುವುದು ಸುಲಭ. ಹೊರಗೆ ಹೋಗಲು ಇದ್ದದ್ದು ಒಂದೇ ಗಾಡಿದಾರಿ. ಅದರ ಮೋರಿಯ ಮೇಲೇ ಅವರು ಕುಳಿತು ಕುಡಿಯುತ್ತಿದ್ದರು. ಮೋರಿ ದಾಟಿದರೂ ಸಿಗುವುದು ಅವನ ಊರೇ.

ಸಂಜೆ ಅಸರ್ ನಮಾಜು ಮುಗಿಸಿ ಅಮ್ಮಿ ಮರದಿಂದ ಒಂದು ಕಾಯಿ ಕಿತ್ತು ತಂದಳು. "ಇಲ್ಲಿ ಬಾ, ಕೆನ್ನೆ ಕೊಡು, ಅಲ್ಲಾಡಬೇಡ" ಎಂದಳು. ತೊಟ್ಟು ಮುರಿದು ನನ್ನ ಕೆನ್ನೆಗೆ ಒತ್ತಿದಳು. ಕೆಂಡ ಇಟ್ಟಂತಾಯಿತು. ಚೀರಿದೆ. ಬಾಯಿ ಮುಚ್ಚಿ ಇನ್ನೊಂದು ಕಡೆ ಒತ್ತಿದಳು, ಮತ್ತೆ ಇನ್ನೊಂದು. ನಾನು ತೊಳೆದುಕೊಳ್ಳದಿರಲೆಂದು ತನ್ನ ದುಪಟ್ಟಾದಿಂದ ನನ್ನ ಎರಡೂ ಕೈ ಕಟ್ಟಿಹಾಕಿದಳು. ಏಕೆ ಎಂದು ಹೇಳಲಿಲ್ಲ. ಅವಳ ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ. ಅದನ್ನೇ ನಾನು ವರ್ಷಗಟ್ಟಲೆ ಮನಸ್ಸಿನಲ್ಲಿ ಇಟ್ಟುಕೊಂಡು ಕುದಿದೆ.

ಮಾರನೆಯ ದಿನ ನನ್ನ ಮುಖ ಊದಿ, ಐದೂ ಕಡೆ ನೀರುಗುಳ್ಳೆ ಎದ್ದಿತ್ತು. ಅಮ್ಮಿ ಅದರ ಮೇಲೆ ಅರಿಶಿನ ಬಳಿದು, ಗುಡಿಸಲ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದಳು. ನಮ್ಮ ಬೀದಿಯ ಹಿಂದೂ ಮನೆಗಳಲ್ಲಿ ಮಕ್ಕಳಿಗೆ ಅಮ್ಮ ಎದ್ದಾಗ ಹೀಗೇ ಮಾಡುತ್ತಿದ್ದರು. ಆ ಸೊಪ್ಪು ಕಂಡರೆ ಹೊರಗಿನವರು ಹೊಸಿಲು ತುಳಿಯುತ್ತಿರಲಿಲ್ಲ.

ಮಧ್ಯಾಹ್ನ ಬೈಕು ಬಂತು. ಅಮ್ಮಿ ಬಾಗಿಲಿಗೆ ಅಡ್ಡ ನಿಂತಳು.

"ಏಯ್, ಬೇವಿನ್ಸೊಪ್ಪು ಕಣ್ಲಾ" ಎಂದು ಒಬ್ಬ ಅಲ್ಲೇ ನಿಂತ.

"ಮಗೀಗೆ ಅಮ್ಮ ಎದ್ದೈತೆ" ಎಂದಳು ಅಮ್ಮಿ.

ದೊಡ್ಡ ಮನೆಯವನು ನಕ್ಕ. "ಸುಳ್ ಯೋಳ್ತವ್ಳೆ ಕಣ್ರಲಾ. ಸಾಬ್ರ ಮನೇಗೆ ಅಮ್ಮ ಬತ್ತಾಳಾ?"

"ಯಾರ ಮನೆ ಅಂತ ಕೇಳ್ಕಂಡ್ ಬತ್ತಾಳೇನಪ್ಪಾ? ಬಾ, ನೀನೇ ನೋಡು."

ಹಾಗೆಂದವಳೇ ಒಳಗೆ ಕೈ ಚಾಚಿ ನನ್ನನ್ನು ಬಾಗಿಲಿಗೆ ಎಳೆದು ಅವನ ಮುಂದೆ ನಿಲ್ಲಿಸಿದಳು. ನನ್ನನ್ನು ಒಪ್ಪಿಸಿಯೇಬಿಟ್ಟಳು ಅಂದುಕೊಂಡೆ. ಸೊಪ್ಪು ಕಂಡು ನಿಂತವನು ಚಪ್ಪಲಿ ಬಿಟ್ಟು, "ತಪ್ಪಾಯ್ತು ತಾಯೀ" ಎಂದು ಕೆನ್ನೆ ಕೆನ್ನೆ ಬಡಿದುಕೊಂಡ. ದೊಡ್ಡ ಮನೆಯವನು ಎರಡು ಹೆಜ್ಜೆ ಹಿಂದೆ ಸರಿದು ಬೈಕ್ ತಿರುಗಿಸಿದ. ಅವರು ಮತ್ತೆ ಬರಲಿಲ್ಲ.

ಅಬ್ಬಾ ಬಂದಾಗ ಅಮ್ಮಿ, ಸೊನೆ ಬಿತ್ತು ಎಂದಷ್ಟೇ ಹೇಳಿದಳು. ನಿಜ ತಿಳಿದರೆ ಅಬ್ಬಾ ಆ ಊರಿಗೆ ಜಗಳಕ್ಕೆ ಹೋಗುತ್ತಾರೆ, ಜೀವಂತ ಬರುವುದಿಲ್ಲ ಎಂದು ನನ್ನ ಬಾಯಿಗೂ ಬೀಗ ಹಾಕಿದ್ದಳು. ಮಗು ನೋಡಿಕೊಳ್ಳುವುದಕ್ಕೂ ಬರುವುದಿಲ್ಲವಾ ಎಂದು ಅಬ್ಬಾ ಆಳುಗಳ ಮುಂದೆಯೇ ಬೈದರು. ಅಮ್ಮಿ ತಲೆ ತಗ್ಗಿಸಿ ಬೈಸಿಕೊಂಡಳು. ನನಗೆ ಆಗ ಖುಷಿಯೇ ಆಯಿತು, ಸುಳ್ಳೇಕೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ, ಚೊಚ್ಚಲ ಬಾಣಂತನಕ್ಕೆ ತುಮಕೂರಿಗೆ ಬಂದಿದ್ದೆ. ಅಮ್ಮಿ ಕಾಲ ಮೇಲೆ ನನ್ನ ಮಗಳನ್ನು ಮಲಗಿಸಿಕೊಂಡು ನೀರು ಹಾಕುತ್ತಿದ್ದಳು. ಯಾವಾಗಲೂ ಮುಂಗೈವರೆಗೆ ಮುಚ್ಚಿರುತ್ತಿದ್ದ ಕಮೀಜಿನ ತೋಳನ್ನು ಮೇಲಕ್ಕೆ ಮಡಚಿದ್ದಳು. ಮೊಣಕೈಯ ಒಳಬದಿಯಲ್ಲಿ ನನ್ನ ಕೆನ್ನೆಯ ಮೇಲಿನಂಥದ್ದೇ ಕಲೆ ಕಂಡಿತು.

"ಇದೇನಮ್ಮೀ?"

"ಅವತ್ತು ಮೊದ್ಲು ನನ್ಗೇ ಹಚ್ಕೊಂಡು ನೋಡ್ದೆ, ಎಷ್ಟು ಉರೀತದೆ ಅಂತ."

"ಎಷ್ಟು ಉರೀತು?"

"ಉಸಿರು ಕಟ್ಟೋಷ್ಟು."

"ಗೊತ್ತಿದ್ದೂ ನನ್ನ ಮುಖಕ್ಕೆ ಹಚ್ಚಿದ್ಯಾ?"

ಅವಳು ಮಗುವಿನ ಹಣೆಗೆ ಅಂಗೈ ಅಡ್ಡ ಹಿಡಿದು ಒಂದು ಚೊಂಬು ನೀರು ಹೊಯ್ದಳು.

"ಹತ್ತು ಹಚ್ಬೇಕು ಅಂತಿದ್ದೆ. ಐದಕ್ಕೇ ಕೈ ಸೋತುಹೋಯ್ತು. ಐದೇ ನೋಡಿ ಅವ್ರು ನಂಬ್ದೆ ಹೋದ್ರೆ ಏನ್ಗತಿ ಅಂತ ಬೆಳಗಿನವರ್ಗೂ ಅತ್ತೆ."

ನಾನು ಮಗುವನ್ನು ಟವೆಲಿನಲ್ಲಿ ಸುತ್ತಿ ಎತ್ತಿಕೊಂಡೆ. ಅದರ ಕೆನ್ನೆ ಬಿಸಿನೀರಿಗೆ ಕೆಂಪಾಗಿತ್ತು. ನನ್ನಿಂದ ಒಂದನ್ನಾದರೂ ಹಚ್ಚಲು ಆಗುತ್ತಿತ್ತೇ ಎಂದು ಕೇಳಿಕೊಂಡೆ. ಆಗುತ್ತಿರಲಿಲ್ಲ ಎನ್ನಿಸಿ ಹೆದರಿಕೆಯಾಯಿತು.