ಭವನಕ್ಕ ಭವನ ಕೆಮ್ಮಿದ್ದು

ಹಾವೇರಿಯೊಳಗ ಒಬ್ಬ ದೊಡ್ಡ ಗಾಯಕನ ಗಂಟಲ ಕೆಡಿಸಿದಾವ ನಾನ. ಬೇಕಂತ ಮಾಡಿದ್ದಲ್ಲ. ಬೇಕಂತ ಮಾಡಿದ್ರ ಇಷ್ಟು ಚಲೋತ್ನ್ಯಾಗಿ ಆಗ್ತಿದ್ದಿಲ್ಲ. ನಾ ಬೇಕಂತ ಮಾಡಿದ ಒಂದು ಕೆಲಸಾನೂ ಈವರೆಗೂ ನೆಟ್ಟಗ ಆಗಿಲ್ಲ. ಒಂದು ಟವೆಲ್ ತಿರುಗಿಸಿದೆ, ಅಷ್ಟ. ಆ ಟವೆಲ್ ಮೂರು ತಿಂಗಳಿಂದ ಬ್ಯಾಡಗಿ ಮೆಣಸಿನಕಾಯಿ ಧೂಳು ಕುಡಕೊಂತ ಬಂದಿತ್ತು ಅನ್ನೋ ಮಾತು ನನ್ನ ತೆಲಿಯೊಳಗ ಬರಲಿಲ್ಲ. ನನ್ನ ತೆಲಿಗೆ ಬಾಗಲಾ ಭಾಳ ಸಣ್ಣದು, ಮಾತು ಬಗ್ಗಿ ಒಳಗ ಬರೋದ್ರೊಳಗ ಅನಾಹುತ ಮುಗಿದು ಮಂದಿ ಮನೀಗೆ ಹೋಗಿರ್ತಾರ.

ನಾನು ಬ್ಯಾಡಗಿ ಪ್ಯಾಟಿಯೊಳಗ ಒಂದು ದಲಾಲಿ ಅಂಗಡಿಯೊಳಗ ಕೆಲಸಕ್ಕದೇನಿ. ದೊಡ್ಡ ಕೆಲಸ ಅನ್ಕೋಬ್ಯಾಡ್ರಿ. ಮೆಣಸಿನಕಾಯಿ ಚೀಲಕ್ಕ ನಂಬರ್ ಚೀಟಿ ಹಚ್ಚೋದು, ವ್ಯಾಪಾರಸ್ತರು ಬಂದ್ರ ಚೀಲದ ಬಾಯಿ ಬಿಚ್ಚಿ ಕಾಯಿ ತೋರಸೋದು, ಅವರು ಹೋದ್ರ ಬಾಯಿ ಕಟ್ಟೋದು. ಇಡೀ ದಿನ ಮತ್ತೊಬ್ಬರ ಬಾಯಿ ಬಿಚ್ಚಿ ಕಟ್ಟೋ ನಂಗ ನನ್ನ ಬಾಯಿ ಕಟ್ಟೋದು ಇನ್ನೂ ಬಂದಿಲ್ಲ. ಸೋಮವಾರ, ಗುರುವಾರ ಟೆಂಡರ್. ಉಳಿದ ದಿನ ಲಾರಿ ತುಂಬೋದು. ಸೀಜನ್ ಶುರುವಾದ್ರ ನಿದ್ದಿ ಅನ್ನೋದು ದೂರದ ಬೀಗರಿದ್ದಂಗ, ಬರ್ತೇವಿ ಅಂತಾರ, ಬರಂಗಿಲ್ಲ. ಪರ ಊರಿನವರು ಪ್ಯಾಟಿ ಗೇಟ್ ದಾಟೂದ ತಡ ಸೀನು, ಕೆಮ್ಮು, ಕಣ್ಣೀರು. ನಮಗ ಏನೂ ಆಗಂಗಿಲ್ಲ. ನಮ್ಮ ಮೂಗು ಸತ್ತು, ಅದರ ತಿಥಿಯೂ ಮುಗದು ಎಷ್ಟೋ ವರ್ಷ ಆತು.

ನಮ್ಮ ಚಿಗವ್ವ, ಅಂದ್ರ ನಮ್ಮವ್ವನ ತಂಗಿ, ಅಲ್ಲೇ ಬಾಜೂಕಿನ ಗೋಡಾನಿಗೆ ತುಂಬು ಬಿಡಸಾಕ ಬರ್ತಾಳ. ತುಂಬು ಅಂದ್ರ ಕಾಯಿಯ ತೊಟ್ಟು. ಹತ್ತು ಹನ್ನೆರಡು ಹೆಣ್ಮಕ್ಕಳು ರಾಶಿ ಸುತ್ತ ಕುಂತು ಮುಂಜಾನೆಯಿಂದ ಸಂಜಿತನ ತೊಟ್ಟು ಮುರೀತಾರ. ಗೋಡಿ ಮೊಳಿಗೆ ಚಿಗವ್ವನ ಮೊಬೈಲು ಜೋತುಬಿದ್ದಿರ್ತೈತಿ. ಅದರೊಳಗ ಆ ಗಾಯಕನ ಹಾಡು. ಮತ್ತ ಯಾರ ಹಾಡೂ ಅಲ್ಲಿ ನಡಿಯಂಗಿಲ್ಲ. ಒಂದು ಹಾಡಿನೊಳಗ ಉದ್ದಾನ ಒಂದು ಆಲಾಪ ಐತಿ. ಅವ ಏರ್ತಾನ, ಏರ್ತಾನ, ಇನ್ನ ಉಸಿರು ನಿಂತಿತು ಅನ್ನೋದ್ರೊಳಗ ಮೆಲ್ಲಕ ಇಳದು ಬರ್ತಾನ. ಅವ ಅದನ್ನ ಒಂದ ಉಸಿರಿನ್ಯಾಗ ಹಾಡ್ತಾನ ಅಂತ ಚಿಗವ್ವನ ವಾದ. ಉಳಿದವರು ಒಪ್ಪಂಗಿಲ್ಲ.

"ಯಕ್ಕಾ, ಅದೆಲ್ಲಾ ಮಷೀನಿನ್ಯಾಗ ಜೋಡಸ್ತಾರಂತ. ಸ್ಟೇಜಿನ ಮ್ಯಾಲೂ ಬಾಯಿ ಅಷ್ಟ ಆಡಸ್ತಾರಂತ, ಹಿಂದ ಟೇಪ್ ಹಚ್ಚಿರ್ತಾರಂತ" ಅಂತಾಳ ಎದುರಿಗೆ ಕುಂತಾಕಿ.

"ನಿನ್ನ ಗಂಡನೂ ಬಾಯಿ ಅಷ್ಟ ಆಡಸ್ತಾನ, ಹಿಂದ ಕೆಲಸಾ ಎಲ್ಲಾ ನೀ ಮಾಡ್ತಿ. ಎಲ್ಲಾರೂ ಹಂಗ ಇರ್ತಾರನಬೇ?" ಅಂತಾಳ ಚಿಗವ್ವ.

ಈ ವಾದ ನಡದು ಎಂಟು ಸೀಜನ್ ಆಗ್ಯಾವ. ನಗ್ತಾರ, ಕಾಡ್ತಾರ, ಚಿಗವ್ವ ಒಬ್ಬಾಕಿನ ಒಂದು ಕಡೆ, ಉಳಿದ ರಾಶಿಗೆ ರಾಶಿನ ಒಂದು ಕಡೆ. ಆಕೀಗೆ ಇದ್ದದ್ದು ಒಂದ ಆಸೆ. ಒಮ್ಮೆ ಆ ಹಾಡನ್ನ ಕಣ್ಣಾರೆ ನೋಡಿ ಬಂದು, ರಾಶಿ ಮುಂದ ಕುಂತು, "ನಾ ನೋಡಿ ಬಂದೇನಿ" ಅನ್ನಬೇಕು. ನಮ್ಮ ಗೋಡಾನಿನ್ಯಾಗ ಆ ಮಾತಿನ ಮ್ಯಾಲ ಮಾತಿಲ್ಲ.

ಕರಕೊಂಡು ಹೋಗೋ ಜಂಬ ನಂದು. ರಾಣೆಬೆನ್ನೂರಿನೊಳಗ ಆ ಗಾಯಕನ ಅಭಿಮಾನಿಗಳ ಬಳಗ ಐತಿ, ನಾನೂ ಅದರೊಳಗ ಒಬ್ಬ. ಎಲ್ಲಿ ಕಾರ್ಯಕ್ರಮ ಆದ್ರೂ, ಆದ ಮ್ಯಾಲ ಬರೋ ಐತವಾರ ಸ್ಟೇಶನ್ ಹತ್ರದ ಚಾದಂಗಡಿಯೊಳಗ ಕೂಡ್ತೇವಿ. ಒಬ್ಬೊಬ್ಬರೂ ತಮ್ಮ ತಮ್ಮ ಅನುಭವ ಹೇಳಬೇಕು. ನಾ ಈವರೆಗೂ ಆರು ಕಾರ್ಯಕ್ರಮಕ್ಕ ಹೋಗೇನಿ. ನಾಕರೊಳಗ ನಿದ್ದಿ ಮಾಡೇನಿ. ಒಂದರೊಳಗ ಕಂಬಕ್ಕ ಆನಿಕೊಂಡು ನಿಂತ ನಿದ್ದಿ ಮಾಡಿದ್ದೆ. ಆದ್ರ ಹೇಳೋದ್ರೊಳಗ ನನ್ನ ಮೀರಸಾವರಿಲ್ಲ. ನಿದ್ದಿಯೊಳಗ ಕೇಳಿದ್ದು ಯಾವತ್ತೂ ಎಚ್ಚರದೊಳಗ ಕೇಳಿದ್ದಕ್ಕಿಂತ ಚಲೋ ಇರ್ತೈತಿ.

ಅವತ್ತು ಶನಿವಾರ. ಹಾವೇರಿಯೊಳಗ ಸಂಜಿ ನಾಕಕ್ಕ ಕಾರ್ಯಕ್ರಮ. ನಾ ನಸುಕಿನ್ಯಾಗ ಎದ್ದು ಎರಡು ಲಾರಿ ತುಂಬಿಸಿ, ನಳದ ಬುಡಕ ಮೈ ತೊಳಕೊಂಡು, ಅಂಗಿ ಬದಲಿ ಮಾಡಿಕೊಂಡೆ. ಅವ್ವ ಒಂದು ಬಿಳೀ ಟವೆಲ್ ಇಸ್ತ್ರಿ ಮಾಡಿ ಕೊಟ್ಟಿದ್ಲು. ಆ ಆಲಾಪ ತುದೀಗೆ ಹೋದಾಗ ಬಳಗದವರೆಲ್ಲಾ ಬಿಳೀ ಟವೆಲ್ ತಿರಗಸೋದು ನಮ್ಮ ಪದ್ಧತಿ. ಚಿಗವ್ವ ಮದವಿಗೆ ಉಡೋ ಸೀರಿ ಉಟ್ಟು, ಕೈಗೆ ಕೊಬ್ಬರಿ ಎಣ್ಣಿ ಹಚ್ಚಿ ತಿಕ್ಕಿ ತಿಕ್ಕಿ ತೊಳಕೊಂಡು, ಅಬ್ಬಲಗಿ ಹೂವು ಮುಡಕೊಂಡು ಬಸ್‌ಸ್ಟ್ಯಾಂಡಿಗೆ ಬಂದಿದ್ಲು.

ಬಸ್ಸು ಬಂತು, ಮಂದಿ ಮುಕರಿತು. "ನೀ ನಿಂದ್ರಬೇ ಚಿಗವ್ವ, ಸೀಟ್ ನಾ ಹಿಡೀತೇನಿ" ಅಂತ ಓಡಿ ಹೋಗಿ ಕಿಡಕಿಯೊಳಗಿಂದ ಟವೆಲ್ ಒಗದೆ. ಸೀಟಿನ ನಟ್ಟನಡುವ ಬಿತ್ತು. ಇಷ್ಟು ಗುರಿ ನಂಗ ಶಾಲಿಯೊಳಗ ಕ್ರಿಕೆಟ್ ಆಡೋವಾಗೂ ಇದ್ದಿಲ್ಲ. ಎದಿ ಉಬ್ಬಿಸಿಕೊಂಡು ಬಾಗಲದ ಕಡೆ ಬರೋದ್ರೊಳಗ ಹಿಂದಿನಿಂದ ಚಿಗವ್ವ ಒದರಿದ್ಲು.

"ಅದಲ್ಲೋ! ಅದು ಹಿರೇಕೆರೂರಿಗೆ ಹೋಗೋದು! ಹಾವೇರಿದು ಇಲ್ಲೈತಿ!"

ಕಂಡಕ್ಟರ್ ಸೀಟಿ ಊದಿದ. ಟವೆಲ್ ಕಿಡಕಿ ಬಾಜೂಕ ಆರಾಮ ಕುಂತು ಹಿರೇಕೆರೂರಿಗೆ ಹೋತು. ನಾವು ಹಾವೇರಿತನಕ ನಿಂತು ಹೋದ್ವಿ.

"ಇಸ್ತ್ರಿ ಮಾಡಿದವರಿಗೆ ಸೀಟ್ ಸಿಕ್ತು ನೋಡು" ಅಂದ್ಲು ಚಿಗವ್ವ, ಮ್ಯಾಲಿನ ಸಳಿ ಹಿಡಕೊಂಡು.

ನಾ ಧೈರ್ಯಾ ಬಿಡಲಿಲ್ಲ. ನನ್ನ ಕೈಚೀಲದಾಗ ಇನ್ನೊಂದು ಟವೆಲ್ ಇತ್ತು, ಪ್ಯಾಟಿಯೊಳಗ ಮೂಗಿಗೆ ಕಟ್ಟಿಕೊಳ್ಳೋದು. ಅದೂ ಹುಟ್ಟುವಾಗ ಬಿಳೀದ ಇತ್ತು. ಅಷ್ಟು ಮಂದಿಯೊಳಗ ಬಣ್ಣಾ ಯಾರ ನೋಡ್ತಾರ ಅನ್ಕೊಂಡೆ. ಅದರೊಳಗ ಏನೈತಿ ಅಂತ ನನ್ನ ಸತ್ತ ಮೂಗು ಹೇಳಲಿಲ್ಲ.

ಕಾರ್ಯಕ್ರಮದ ಭವನ ತುಂಬಿತ್ತು. ಮೂರನೇ ಸಾಲಿನ್ಯಾಗ, ತುದಿಯೊಳಗ, ನಮಗ ಜಾಗಾ ಸಿಕ್ತು. ಬಾಜೂಕ ಮರದಷ್ಟು ಎತ್ತರದ ಒಂದು ಫ್ಯಾನ್ ನಿಲ್ಲಿಸಿ, ಗಾಯಕಗ ಸೆಕಿ ಆಗಬಾರದಂತ ಸ್ಟೇಜಿನ ಕಡೆ ತಿರುವಿದ್ರು. ಕಾರ್ಯಕ್ರಮ ಶುರು ಆತು. ಚಿಗವ್ವ ಚಪ್ಪಾಳಿ ಹೊಡೀಲಿಲ್ಲ, ತೆಲಿ ತೂಗಲಿಲ್ಲ, ರೆಪ್ಪಿ ಸೈತ ಬಡೀಲಿಲ್ಲ.

"ಏನ್ ನೋಡಾಕತ್ತೀಬೇ ಹಂಗ?" ಅಂದೆ.

"ಎದಿ. ಉಸಿರು ತಗೊಂಡ್ರ ಎದಿ ಏಳತೈತಿ. ನಾ ಮಾರಿ ನೋಡಾಕ ಬಂದಿಲ್ಲ."

ನಾನೂ ಎದಿ ನೋಡಬೇಕಂತ ಕುಂತೆ. ಎರಡನೇ ಹಾಡಿಗೆ ಕಣ್ಣು ಮುಚ್ಚಿದ್ವು. ಕೈಕಾಲು ಚೀಲ ಆಗಿದ್ವು, ಯಾರರ ಎತ್ತಿ ಲಾರಿಗೆ ಹಾಕಿದ್ರೂ ಗೊತ್ತಾಗ್ತಿದ್ದಿಲ್ಲ. ಎಷ್ಟು ಹಾಡು ಹೋದ್ವೋ ಏನೋ, ಪಕ್ಕಡಿಗೆ ಮೊಳಕೈ ಬಡೀತು.

"ಏಳೋ. ಬಂತು."

ಆಲಾಪ ಶುರು ಆಗಿತ್ತು. ಅವ ಏರಾಕತ್ತಿದ್ದ. ಚಿಗವ್ವನ ಉಸಿರೂ ನಿಂತಿತ್ತು. ಅವ ತುದೀಗೆ ಹೊಂಟಿದ್ದ, ಹಿಂದಿನ ಸಾಲಿನ ನಮ್ಮ ಬಳಗದವರು ಬಿಳೀ ಟವೆಲ್ ತಗದ್ರು. ನಾ ನಿದ್ದಿಗಣ್ಣಾಗ ಚೀಲಕ್ಕ ಕೈ ಹಾಕಿ, ಕುರ್ಚಿ ಮ್ಯಾಲ ಹತ್ತಿ, ಆ ಫ್ಯಾನಿನ ಮುಂದ ನಿಂತು, ಟವೆಲ್ ಝಾಡಿಸಿ ಮೂರು ಸುತ್ತು ತಿರುಗಿಸಿದೆ.

ಸ್ಟೇಜಿನ ಬೆಳಕಿನ್ಯಾಗ ಕೆಂಪನ್ನ ಹೊಗಿ ಎದ್ದಿತು. ಕದರಮಂಡಲಗಿ ಹಣಮಪ್ಪನ ಆಣಿ, ಸ್ಟೇಜಿನವರು ಬಣ್ಣದ ಹೊಗಿ ಬಿಟ್ರು ಅನ್ಕೊಂಡೆ. ಎಷ್ಟು ಛಂದ ಅನ್ಕೊಂಡು ಇನ್ನೂ ಎರಡು ಸುತ್ತು ತಿರುಗಿಸಿದೆ.

ಗಾಯಕನ ದನಿ ತುದಿಯೊಳಗ ಟಕ್ಕಂತ ಹರೀತು. ಆಮ್ಯಾಲ ಕೆಮ್ಮು. ಮೈಕಿನ್ಯಾಗ ಕೆಮ್ಮಿದ್ರ ಹೆಂಗಿರ್ತೈತಿ, ಭವನದ ಕಿಡಕಿ ಸೈತ ಕೆಮ್ಮಿದ್ವು. ಕೊಳಲಿನವ ಆಗಷ್ಟ ಎದಿ ತುಂಬ ಗಾಳಿ ಎಳಕೊಂಡಿದ್ದ, ಪಾಪ, ಕೊಳಲಿನೊಳಗಿಂದ ಎಮ್ಮಿಕರು ಒದರಿದಂಗ ಒಂದು ದನಿ ಬಂತು. ತಬಲಾದವ ತಾಳ ತಪ್ಪಲಾರದ ಸೀನಿದ. ಮುಂದಿನ ಸಾಲಿನ ಶಾಲು ಹೊಚ್ಚಿಕೊಂಡ ಅತಿಥಿಗಳು ಎದ್ರು, ಅವರ ಹಿಂದ ಎರಡನೇ ಸಾಲು, ಮೂರನೇದು, ಆಮ್ಯಾಲ ಭವನಕ್ಕ ಭವನ. ಮಂದಿ ಬಾಗಲಕ್ಕ ಓಡಿದ್ರು. ಆಗ ನನ್ನ ತೆಲಿಯ ಸಣ್ಣ ಬಾಗಲದೊಳಗ ಮಾತು ಬಗ್ಗಿ ಒಳಗ ಬಂತು. ಟವೆಲ್ ನೋಡಿದೆ. ಲಗೂ ಲಗೂ ಚೀಲದಾಗ ತುರುಕಿದೆ. ಚಿಗವ್ವ ಬಾಯಿಗೆ ಸೆರಗು ಒತ್ತಿ ಹಿಡಕೊಂಡು ಕೆಮ್ಮಾಕತ್ತಿದ್ಲು, ಹೆಗಲು ಕುಣೀತಿದ್ವು. ಎಂಟು ಸೀಜನ್ ಮೆಣಸಿನಕಾಯಿ ರಾಶಿಯೊಳಗ ಕುಂತಾಕಿಗೂ ಕೆಮ್ಮು ಬರೋವಂಗ ಮಾಡೀನಲ್ಲ ಅನ್ಕೊಂಡು ಆಕೀಗೆ ನೀರು ಹುಡುಕಾಕ ಓಡಿದೆ.

ಅರ್ಧಾ ತಾಸು ಬಿಟ್ಟು ಗಾಯಕ ಮತ್ತ ಬಂದ. ಕೈಯಾಗ ಕರ್ಚೀಪು, ಕಣ್ಣು ಕೆಂಪ. ಹಗುರನ್ನವು ಎರಡು ಹಾಡಿ, ಕೈ ಮುಗದು ಹೋದ. ಆ ಹಾಡು ಮತ್ತ ಮುಟ್ಟಲಿಲ್ಲ.

ವಾಪಸ್ ಬರೋವಾಗ ಬಸ್ಸಿನ್ಯಾಗ ಸೀಟ್ ಸಿಕ್ತು, ಕುಂತ್ರೂ ದಣಿವು ಇಳೀಲಿಲ್ಲ. ಚಿಗವ್ವ ಹೂವು ತಗದು ಮಡಲಾಗ ಇಟ್ಟಕೊಂಡಿದ್ಲು. ಮೋಟೆಬೆನ್ನೂರ ದಾಟಿದ ಮ್ಯಾಲ ಒಂದ ಮಾತಾಡಿದ್ಲು. "ತುದೀತನ ಬಂದಿದ್ದನೋ. ಇಳೀಲಿಲ್ಲ." ನಾ ನಿದ್ದಿ ಬಂದಂಗ ಮಾಡಿದೆ. ಖರೇ ನಿದ್ದಿ ಅವತ್ತು ಹತ್ತಲಿಲ್ಲ.

ಮರುದಿನ ಐತವಾರ, ರಾಣೆಬೆನ್ನೂರು. ಹೋಗಬಾರದಿತ್ತು, ಕಾಲು ಕೇಳಲಿಲ್ಲ. ಚಾ ಬಂತು, ಅನುಭವ ಶುರು ಆದ್ವು. ಬೀಜದ ಕಂಪನಿಯೊಳಗ ಕೆಲಸಾ ಮಾಡೋ ನಮ್ಮ ಹಿರಿಯಾವ ಹೇಳಿದ: "ಅದು ಕೆಮ್ಮಲ್ಲೋ, ದುಃಖ. ಆ ಹಾಡು ಹಾಡೋವಾಗ ಅವರಿಗೆ ಯಾರದೋ ನೆನಪಾಗಿ ಗಂಟಲು ಬಿಗೀತು. ನಾನೂ ಅತ್ತೆ."

"ನಾ ಹೊರಗ ಬಂದು ನಳದ ಮುಂದ ನಿಂತು ಅತ್ತೆ" ಅಂದ ಆಟೋ ಹೊಡಿಯಾವ. "ಎಷ್ಟು ತೊಳಕೊಂಡ್ರೂ ಅಳು ನಿಲ್ಲಲಿಲ್ಲ. ಮನೀಗೆ ಹೋದ್ರೂ ಕಣ್ಣು ಉರಿಯಾಕತ್ತಿದ್ವು. ಹಂತಾ ಅನುಭವ ಹಿಂದ ಆಗಿದ್ದಿಲ್ಲ ನೋಡಪಾ."

ಎಲ್ಲಾರೂ ನನ್ನ ಕಡೆ ತಿರುಗಿದ್ರು. "ನೀ ಮುಂದ ಇದ್ದಿ. ಏನ್ ನೋಡಿದಿ ಹೇಳೋ."

ನಾ ಹೇಳಬಹುದಿತ್ತು. ಬಾಯಿ ತಗದೆ. "ಅವರ ಕಣ್ಣಾಗ ನೀರಿದ್ವು" ಅಂದೆ. "ನಾ ಹತ್ರದಿಂದ ನೋಡೇನಿ."

ಹಿರಿಯಾವ ನನ್ನ ಹೆಗಲ ಮ್ಯಾಲ ಕೈ ಇಟ್ಟ. ಒಂದಕ್ಷರಾನೂ ಸುಳ್ಳಲ್ಲ, ಆದ್ರೂ ಆ ಚಾದಂಗಡಿಯೊಳಗ ನಾ ಹೇಳಿದ ಎಲ್ಲಾ ಸುಳ್ಳಿಗಿಂತ ಅದ ದೊಡ್ಡದಿತ್ತು. ಆ ಕೈ ತುಂಬಿದ ಚೀಲಕ್ಕಿಂತ ವಜ್ಜಿ ಆತು.

ಸೋಮವಾರ ಚೀಟಿ ಹಚ್ಚೋದು ಬಿಟ್ಟು ಗೋಡಾನಿನ ಬಾಗಲಕ್ಕ ಹೋಗಿ ನಿಂತೆ. ರಾಶಿ ಸುತ್ತ ಎಲ್ಲಾರೂ ಕುಂತಿದ್ರು. ಮೊಬೈಲು ಮೊಳಿಗಿತ್ತು, ಹಾಡು ಬಂದ್ ಇತ್ತು.

"ಹೇಳಬೇ ಯಕ್ಕಾ, ನೋಡಿ ಬಂದಿ?" ಅಂದ್ಲು ಎದುರಿಗೆ ಕುಂತಾಕಿ.

"ನೋಡಿ ಬಂದೇನಿ. ಆಲಾಪ ಏರಿಸಿ ತುದೀಗೆ ಹೋಗಿದ್ದ. ಅಲ್ಲಿ ಕೆಮ್ಮು ಬಂತು. ಹಾಡು ನಿಂತಿತು."

"ಅಯ್ಯ, ಅದನ್ನ ನೋಡಾಕ ಹಾವೇರಿಗೆ ಹೋಗಬೇಕಾಗಿತ್ತ? ನಮ್ಮ ಮಾವ ದಿನಾ ಮುಂಜಾನೆ ಕೆಮ್ಮತಾನ." ಎಲ್ಲಾರೂ ನಕ್ರು.

ಚಿಗವ್ವ ಒಂದು ತೊಟ್ಟು ಮುರದ್ಲು. "ಟೇಪ್ ಹಚ್ಚಿದ್ರ, ಅವ ಕೆಮ್ಮಿದ್ರೂ ಹಾಡು ಮುಂದ ಹೋಗಬೇಕಾಗಿತ್ತಲ್ಲಬೇ? ಅವನ ಜೋಡಿ ಹಾಡೂ ನಿಂತಿತು."

ನಗು ನಿಂತಿತು. ಎದುರಿಗೆ ಕುಂತಾಕಿ ಕೈಯಾಗಿನ ಕಾಯಿ ರಾಶಿಗೆ ಒಗದು, "ಆತು, ಬಾಯಿ ಆಡಸಂಗಿಲ್ಲ, ಖರೇನ ಹಾಡ್ತಾನ. ಒಪ್ಪಿದೆ" ಅಂದ್ಲು. "ಒಂದ ಉಸಿರಿನ್ಯಾಗ?"

ಅಲ್ಲಿದ್ದವರು ಯಾರೂ ಹಾವೇರಿಗೆ ಬಂದವರಲ್ಲ. "ಹೂಂ" ಅಂದಿದ್ರ ಎಂಟು ಸೀಜನ್ನಿನ ವಾದ ಅಲ್ಲೇ ಮುಗೀತಿತ್ತು. ನಾನಾಗಿದ್ರ ಎರಡು ಸಲ ಹೂಂ ಅಂತಿದ್ದೆ.

"ಅದು ಗೊತ್ತಾಗಲಿಲ್ಲ" ಅಂದ್ಲು ಚಿಗವ್ವ. "ಇಳಿಯೋದು ನಾ ನೋಡಲಿಲ್ಲ."

ಚಾದ ಹೊತ್ತಿಗೆ ಆಕಿ ಹೊರಗ ಬಂದು ಕಟ್ಟಿ ಮ್ಯಾಲ ಕುಂತ್ಲು. ನಾ ಬಾಜೂಕ ಹೋಗಿ ನಿಂತೆ. ಜೀವಕ್ಕ ಸಾಕಾಗಿತ್ತು, ಹೊತ್ತಿದ್ದನ್ನ ಇಳಿಸಿದ್ರ ಸಾಕಾಗಿತ್ತು. "ಚಿಗವ್ವ, ಆ ಕೆಂಪ ಧೂಳು..." ಅಂದೆ.

"ಗೊತ್ತೈತಿ."

"ಹೆಂಗಬೇ? ನೀ ಎದಿ ನೋಡಾಕತ್ತಿದ್ದಿ."

"ಅಷ್ಟು ಮಂದಿ ಕೆಮ್ಮಾಕತ್ತಾಗ ಯಾರು ಕೆಮ್ಮಲಿಲ್ಲ ಅಂತ ತಿರುಗಿ ನೋಡಿದೆ. ಇಬ್ಬರ ಇದ್ವಿ. ನಾನು, ಕುರ್ಚಿ ಮ್ಯಾಲ ಹಲ್ಲು ಕಿಸಗೊಂಡು ನಿಂತ ನೀನು."

"ನೀನೂ ಕೆಮ್ಮಿದ್ಯಲ್ಲ! ಸೆರಗು ಹಿಡಕೊಂಡು ಕೆಮ್ಮೋದು ನಾ ನೋಡೇನಿ."

ಚಿಗವ್ವ ಬಸಿಯಾಗಿನ ಚಾ ಊದಿ, ಒಂದ ಗುಟುಕಿಗೆ ಮುಗಿಸಿ, ಎದ್ದು ನಿಂತ್ಲು.

"ಬಾಜೂಕಿನವರು ನಮ್ಮನ್ನ ನೋಡಾಕತ್ತಿದ್ರು, ಅದಕ್ಕ ನಾ ಸುಳ್ಳ ಕೆಮ್ಮಿದೆ. ಟವೆಲ್ ತೊಳೀತಿಯೋ ಬಿಡ್ತಿಯೋ, ಮತ್ತೊಮ್ಮೆ ನನ್ನ ಕರಕೊಂಡು ಹೋಗೋದ್ರೊಳಗ ಕೆಮ್ಮೋದನ್ನರ ಕಲಿಯೋ ಖೋಡಿ."